ಅಣ್ಣನ ಮಸಿಂಕೊ

ಇಥಿಯೋಪಿಯಾದ ಹಳ್ಳಿಯೊಂದರಲ್ಲಿ ಆರು ವರ್ಷ ಗಣಿತ ಕಲಿಸಿ ಅಣ್ಣ ಕುಷ್ಟಗಿಗೆ ಮರಳಿದಾಗ ಟ್ರಂಕಿನಲ್ಲಿ ಬಟ್ಟೆಗಿಂತ ಜೋಪಾನವಾಗಿ ಒಂದು ವಾದ್ಯ ತಂದಿದ್ದ. ಹೆಸರು ಮಸಿಂಕೊ. ನಾಲ್ಕು ಮೂಲೆಯ ಕಟ್ಟಿಗೆಯ ಚೌಕಟ್ಟಿಗೆ ಆಡಿನ ಚರ್ಮ ಬಿಗಿದು, ಉದ್ದನೆಯ ಕೋಲಿಗೆ ಕುದುರೆ ಬಾಲದ ಕೂದಲಿನ ಒಂದೇ ತಂತಿ ಕಟ್ಟಿದ್ದರು. ಬಿಲ್ಲಿನಂಥ ಕೋಲಿನಿಂದ ತಿಕ್ಕಿದರೆ ಥೇಟ್ ಮನುಷ್ಯರ ದನಿ. ಅಲ್ಲಿ ಅದನ್ನು ನುಡಿಸುವ ಅಝ್ಮಾರಿಗಳು ಎದುರು ಕೂತವರ ಮೇಲೆ ಆ ಕ್ಷಣಕ್ಕೇ ಪದ ಕಟ್ಟಿ ಹಾಡುತ್ತಾರಂತೆ. ಅಣ್ಣ ಪಕ್ಕದ ಮನೆಯ ಅಝ್ಮಾರಿಯಿಂದ ಕಲಿತಿದ್ದ. ದಿನಾ ಸಂಜೆ ಕಟ್ಟೆಗೆ ಕೂತು ನುಡಿಸುತ್ತಿದ್ದ.

"ಅಷ್ಟ ದೂರ ಹೋಗಿ ಭಿಕ್ಷಾ ಬೇಡೋ ವಾದ್ಯ ತಂದಾನಲ್ಲವಾ" ಎಂದು ಓಣಿಯ ಹೆಂಗಸರು ನಕ್ಕರು. ನಾನೂ ನಾಚಿದೆ.

ಅಳವಂಡಿಯಿಂದ ಗಂಡಿನವರು ನನ್ನನ್ನು ನೋಡಲು ಬರುವ ದಿನ ಅಣ್ಣ ಅವರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದ. ನಾನು ಮಸಿಂಕೊವನ್ನು ಹಳೇ ಸೀರೆಯಲ್ಲಿ ಸುತ್ತಿ ಬಚ್ಚಲ ಒಲೆಯ ಮೇಲಿನ ಹಲಗೆಗೆ ತಳ್ಳಿದೆ. ಆಮೇಲೆ ಅವ್ವ ಬಂದವರ ಕೈಕಾಲಿಗೆ ನೀರು ಕಾಯಿಸಲೆಂದು ಭರ್ತಿ ಒಲೆ ಹೊತ್ತಿಸಿದ್ದಳು. ಅವರು ಹೋದ ಮೇಲೆ ತೆಗೆದರೆ ಚರ್ಮ ಮುದುಡಿ ಸೀಳಿತ್ತು.

"ಏನಾತವಾ?" ಅಣ್ಣ ಕೇಳಿದ.

"ಇಲಿ ಕಡದಾವಣ್ಣ."

ಅವನು ಸೀಳಿದ ಜಾಗವನ್ನು ಬೆರಳಿನಿಂದ ಸವರಿದ. "ನಂದ ತಪ್ಪು. ಮ್ಯಾಲ ತೂಗುಹಾಕಬೇಕಿತ್ತು" ಅಂದ.

ಹಲಗಿ, ಡೊಳ್ಳಿಗೆ ಚರ್ಮ ಕಟ್ಟುವವರ ಹತ್ತಿರ ಹೊಸ ಚರ್ಮ ಹಾಕಿಸಿದ. ದನಿ ಮೊದಲಿನಂತೆ ಬರಲಿಲ್ಲ, ಗಂಟಲು ಕಟ್ಟಿದವರ ಹಾಗಿತ್ತು. ಆದರೂ ನನ್ನ ಮದುವೆಯ ಚಪ್ಪರದಲ್ಲಿ ಅದನ್ನೇ ಹಿಡಿದು ನಿಂತು, ಅಝ್ಮಾರಿಗಳ ಹಾಗೆ ನನ್ನ ಮೇಲೆ ಪದ ಕಟ್ಟಿ ಹಾಡಿದ.

"ಸುಳ್ಳು ಅನ್ನೂದು ಅರಿಯದಾಕಿ ನಮ್ಮ ತಂಗಿ, ಇಂಥಾಕಿನ್ನ ಕೊಟ್ಟೀವಿ ಅಳವಂಡಿಗಿ!"

ಜನ ಚಪ್ಪಾಳೆ ತಟ್ಟಿದರು. ನಾನು ತಲೆ ಎತ್ತಲಿಲ್ಲ. ನಾಚಿಕೆ ಅಂದುಕೊಂಡರು. ಮಾವನವರು ಖುಷಿಯಾಗಿ, "ಎಂಥಾ ಛಲೋ ವಾದ್ಯರಿ! ನೋಡಾಕ ಬಂದಾಗ ಯಾಕ ಕೇಳಸಲಿಲ್ಲ?" ಅಂದರು. ಅಣ್ಣ, "ಅವತ್ತ ಇಲಿ ಕಡದಿದ್ವುರಿ" ಎಂದ.

ನಾಲ್ಕು ವರ್ಷ ನನ್ನ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಮಗಳ ತೊಟ್ಟಿಲ ಕಾರ್ಯಕ್ಕೆ ಅಣ್ಣ ಬಂದಾಗ ಅಡುಗೆಮನೆಯಲ್ಲಿ ಅವನೊಬ್ಬನಿಗೇ ಎಲ್ಲ ಹೇಳಿಬಿಟ್ಟೆ.

"ನಾಚಿಕಿ ಬರತೈತಿ ಅಂತ ಒಂದ ಮಾತ ಹೇಳಿದ್ರ, ನಾನ ತಗದು ಒಳಗಿಡತಿದ್ನಲ್ಲವಾ" ಅಂದ.

ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವನು ಕೈತೊಳೆದು ಊಟಕ್ಕೆ ಕೂತ, ಎರಡನೇ ಸಲವೂ ಅನ್ನ ಹಾಕಿಸಿಕೊಂಡ. ನನ್ನ ತಾಟನ್ನು ನಾನು ಹಾಗೇ ಮುಚ್ಚಿಟ್ಟೆ.