ಹಗೇವಿಗೆ ಬಿಡದ ದೀಪ

ಶಕುನ, ವಾರದ ದೋಷ, ಗಾಳಿ ಸೋಕಿತು ಎಂಬಂಥ ಮಾತುಗಳನ್ನು ನಾನು ನಂಬುತ್ತಿರಲಿಲ್ಲ. ಓದಿ ತಿಳಿದು ಬಿಟ್ಟದ್ದಲ್ಲ. ನಾನು ಓದಿರುವುದು ಏಳನೇ ಕ್ಲಾಸು. ನಂಬದಿರುವುದಕ್ಕೆ ಬೇರೆ ಕಾರಣವಿತ್ತು. ನಮ್ಮ ಮನೆಯಲ್ಲಿ ನಡೆದ ಒಂದು ಅನಾಹುತವನ್ನು ಊರೆಲ್ಲ ವಾರದ ದೋಷ ಎಂದು ಹೇಳುತ್ತಿತ್ತು. ಅದು ಸುಳ್ಳೆಂದು ನನಗೊಬ್ಬನಿಗೆ ಗೊತ್ತಿತ್ತು. ಇಂಥ ಕಥೆಗಳೆಲ್ಲ ಹೀಗೇ ಹುಟ್ಟುತ್ತವೆ, ಎಲ್ಲೋ ಯಾರೋ ಒಬ್ಬ ಬಾಯಿ ಮುಚ್ಚಿಕೊಂಡಿರುತ್ತಾನೆ, ಅಷ್ಟೆ ಎಂದುಕೊಂಡಿದ್ದೆ. ನಾಲ್ಕೈದು ವರ್ಷದ ಹಿಂದೆ ನಮ್ಮ ಕೆಳಮನೆಯ ಕೆಲಸ ನಡೆಯುವಾಗ ಆದದ್ದನ್ನು ಕಂಡ ಮೇಲೆ ಹಾಗೆ ಹೇಳುವ ಧೈರ್ಯ ಹೋಗಿದೆ.

ನಮ್ಮೂರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಇದೆ. ಮನೆ ಇಳಿಜಾರಿನಲ್ಲಿದೆ. ಮುಂಬಾಗಿಲು ರಸ್ತೆಯ ಮಟ್ಟಕ್ಕಿದ್ದರೆ, ಅದರಡಿಯಲ್ಲಿ ಅರ್ಧ ನೆಲದೊಳಗೆ ಹೂತಂತೆ ಒಂದು ಕೋಣೆ, ಅದಕ್ಕೆ ಹಿತ್ತಲ ಕಡೆಯಿಂದ ಬಾಗಿಲು. ಅದನ್ನೇ ನಾವು ಕೆಳಮನೆ ಎನ್ನುವುದು. ಬೇಯಿಸಿದ ಹೊಗೆಸೊಪ್ಪನ್ನು ಮಾರುವ ತನಕ ಅಲ್ಲಿ ಒಟ್ಟುತ್ತಿದ್ದೆವು. ಅದರ ಹಿಂಗೋಡೆಗೆ ಅಂಟಿಕೊಂಡಂತೆ ಹಿತ್ತಲಲ್ಲಿ ನಮ್ಮ ತಾತನ ಕಾಲದ ಹಗೇವು ಇತ್ತು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಗಟ್ಟಿ ನೆಲದಲ್ಲಿ ಗುಡಾಣದಂತೆ ತೋಡಿದ ಗುಂಡಿ ಅದು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ರಾಗಿ ತುಂಬಿ, ಕಲ್ಲುಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆದ ಕೂಡಲೇ ಇಳಿಯುವಂತಿಲ್ಲ. ಒಳಗಿನ ಗಾಳಿ ಸತ್ತಿರುತ್ತದೆ. ಬಾಯಿ ತೆರೆದು ಬಿಟ್ಟು, ಆಮೇಲೆ ಹಗ್ಗದಲ್ಲಿ ಕಂದೀಲು ಇಳಿಸಿ ನೋಡಬೇಕು. ಉರಿದರೆ ಮನುಷ್ಯ ಇಳಿಯಬಹುದು.

ನಾನು ಹುಡುಗನಾಗಿದ್ದಾಗ ಒಂದು ಶುಕ್ರವಾರ, ನೆಂಟರು ಬಂದು ಮನೆಯಲ್ಲಿ ಹಿಟ್ಟು ಮುಗಿದಿತ್ತು. ಶುಕ್ರವಾರ ಹಗೇವು ತೆಗೆಯಬಾರದು ಎನ್ನುತ್ತಾರೆ. ಅವ್ವ ಬೇರೆ ದಾರಿ ಕಾಣದೆ ಅಪ್ಪನಿಂದ ಚಪ್ಪಡಿ ತೆಗೆಸಿದಳು. ಮೊದಲು ನೀನು ದೀಪ ಬಿಟ್ಟು ನೋಡು, ಆಮೇಲೆ ತಮ್ಮನನ್ನು ಇಳಿಸು ಎಂದು ಅಪ್ಪ ನನಗೆ ಹೇಳಿ ಹೊಲಕ್ಕೆ ಹೋದ. ಬಾಯಿ ಚಿಕ್ಕದಲ್ಲವೇ, ಇಳಿಯುವುದು ಮನೆಯ ಕಿರಿಯರ ಕೆಲಸ. ಕಂದೀಲು ದೂರದಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿತ್ತು. ನನ್ನ ಜೊತೆಯವರು ಈಜಲು ಕೆರೆಗೆ ಹೊರಟು ಬೀದಿಯಲ್ಲಿ ನಿಂತಿದ್ದರು. ತಮ್ಮ ಮಾದ ಬಾಯಿಯೊಳಗೆ ಕಾಲು ಇಳಿಬಿಟ್ಟು ಕೂತು ಕೇಳಿದ.

"ಅಣ್ಣ, ದೀಪ ಬುಟ್ಟಿದ್ಯಾ?"

"ಊಂ, ಬುಟ್ಟಿದ್ದೆ. ಇಳಿ," ಎಂದೆ.

ಇಳಿದ. ಅವನು ರಾಗಿ ತುಂಬಿಕೊಡಬೇಕಿದ್ದ ಕುಕ್ಕೆ ಮೇಲೆ ಬರಲಿಲ್ಲ. ಕೂಗಿದೆ, ದನಿಯಿಲ್ಲ. ಪಕ್ಕದ ಮನೆಯವರು ಓಡಿ ಬಂದು ಉಸಿರು ಕಟ್ಟಿ ಒಳಗೆ ಬಾಗಿ, ಹಗ್ಗಕ್ಕೆ ಕೊಕ್ಕೆ ಹಾಕಿ ಎಳೆದರು. ಜೀವ ಉಳಿಯಿತು. ಮೈಸೂರಿನ ಆಸ್ಪತ್ರೆಯಿಂದ ಅವನ ಮೈ ಮನೆಗೆ ಬಂತು, ಬುದ್ಧಿ ಬರಲಿಲ್ಲ, ಮಾತು ಬರಲಿಲ್ಲ. ಹಸಿವಾದರೆ ಒಂದು ಸದ್ದು, ಬೇಡವಾದರೆ ಇನ್ನೊಂದು ಸದ್ದು, ಅಷ್ಟೇ. ದೀಪ ಬಿಟ್ಟಿದ್ಯಾ ಎಂದು ಅಪ್ಪನೂ ಕೇಳಿದ. ಚೆನ್ನಾಗಿ ಉರಿಯಿತು ಎಂದೆ. ದೀಪ ಉರಿದರೂ ಹೀಗಾಯಿತೆಂದರೆ ಇನ್ನೇನು, ಶುಕ್ರವಾರ ತೆಗೆಸಿದ್ದೇ ತಪ್ಪು ಎಂದು ಎಲ್ಲರೂ ಅವ್ವನ ಮೇಲೆ ಬಿದ್ದರು. ಅಪ್ಪ ಆ ಹಗೇವಿಗೆ ಮತ್ತೆ ರಾಗಿ ತುಂಬಿಸಲಿಲ್ಲ, ಚಪ್ಪಡಿ ಮುಚ್ಚಿಬಿಟ್ಟ. ಅವ್ವ ಕಂಡಕಂಡ ದೇವರಿಗೆಲ್ಲ ಹರಕೆ ಕಟ್ಟಿ, ತನ್ನದೇ ತಪ್ಪೆಂದು ನಂಬಿಕೊಂಡೇ ಸತ್ತಳು. ನಾನು ನೋಡುತ್ತಿದ್ದೆ.

ಈಗ ಕೆಳಮನೆಯ ವಿಷಯ. ಅಲ್ಲಿ ಒಂದು ಮಲಗುವ ರೂಮು, ಅದಕ್ಕೆ ಸೇರಿದಂತೆ ಬಚ್ಚಲು, ಕಕ್ಕಸು ಮಾಡಿಸಲು ಹೊರಟಾಗ ಊರಿನವರು ನನ್ನನ್ನು ಹೊಗಳಿದರು. ಇಂಥ ತಮ್ಮನಿಗೆ ಇಷ್ಟು ಮಾಡುವ ಅಣ್ಣ ಯಾರಿದ್ದಾನೆ ಎಂದರು. ನಿಮಗೆ ನಿಜ ಹೇಳುತ್ತೇನೆ. ನನ್ನ ಮಗನಿಗೆ ಕೋಟೆ ತಾಲ್ಲೂಕಿನ ಕಡೆಯಿಂದ ಒಂದು ಸಂಬಂಧ ಕೂಡಿಬಂದಿತ್ತು. ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ನಡುಮನೆಯಲ್ಲಿ ಜೊಲ್ಲು ಸುರಿಸಿಕೊಂಡು ಕೂತ ಮಾದ ಅವರ ಕಣ್ಣಿಗೆ ಬೀಳಬಾರದಾಗಿತ್ತು. ಅದಕ್ಕೇ ಆ ರೂಮು.

ಧೂಳಾಗುತ್ತದೆಂದು ಅವನನ್ನು ಸಾಲಿಗ್ರಾಮದಲ್ಲಿರುವ ತಂಗಿ ಜಯಮ್ಮನ ಮನೆಗೆ ಬಿಟ್ಟುಬಂದೆ. ಕೆಳಮನೆಯ ಹಳೇ ನೆಲ ಕಿತ್ತು ಪೈಪು ಹಾಕಿಸಿದೆ. ಗೋಡೆ ಒಡೆದು ಕಿಟಕಿ ಇಡಿಸಿದೆ. ಎಷ್ಟು ಸುಣ್ಣ ಬಳಿದರೂ ಹೊಗೆಸೊಪ್ಪಿನ ವಾಸನೆ ಹೋಗಲಿಲ್ಲ. ಕಕ್ಕಸಿನ ಗುಂಡಿಗೆ ಜಾಗ ನೋಡುವಾಗ ಹಿತ್ತಲಲ್ಲಿ ಬರೀ ಬಂಡೆ ಸಿಕ್ಕಿತು. ಮೇಸ್ತ್ರಿ ನಂಜುಂಡ ತಲೆ ಕೆರೆದುಕೊಳ್ಳುತ್ತಿದ್ದ. ಆಗ ನಾನೇ, ಸೌದೆ ಒಟ್ಟಿದ್ದ ಕಡೆ ಕೈ ತೋರಿಸಿ, ಅದರಡಿ ಹಳೇ ಹಗೇವಿದೆ, ಅದನ್ನೇ ಗುಂಡಿ ಮಾಡಿಬಿಡಿ ಎಂದೆ. ಯಾವ ಗುಂಡಿ ಅವನನ್ನು ಹಾಗೆ ಮಾಡಿತೋ ಅದನ್ನೇ ಅವನ ಕಕ್ಕಸಿಗೆ ಕೊಟ್ಟೆ. ಬಾಯಿಂದ ಮಾತು ಸಲೀಸಾಗಿ ಬಂತು.

ಸೌದೆ ಸರಿಸಿ ಚಪ್ಪಡಿ ಎತ್ತಿದರು. ಒಂದು ತಣ್ಣನೆಯ ಮುಗ್ಗಲು ವಾಸನೆ ಬಂತು. ಒಳಗೆ ಇಳಿದು ತಳ ನೋಡಿ, ಪೈಪಿಗೆ ತೂತು ಕೊರೆಯಬೇಕಿತ್ತು. ಗಾರೆ ಕೆಲಸದ ಸಿದ್ದರಾಜು ತೆಳ್ಳಗಿದ್ದ. ಅಂಗಿ ಬಿಚ್ಚಿಟ್ಟು ಬಾಯಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ. ಮೇಸ್ತ್ರಿ ನನ್ನ ಕಡೆ ತಿರುಗಿದ.

"ಯಜಮಾನ್ರೇ, ಗಾಳಿ ನೋಡಿದ್ರಾ?"

ಬೆಳಿಗ್ಗೆ ಹೊತ್ತು, ಬಿಸಿಲು ಚೆನ್ನಾಗಿತ್ತು. ಕಂದೀಲು ಅಟ್ಟದ ಮೇಲೇ ಇತ್ತು, ತರಲು ಎಷ್ಟು ಹೊತ್ತು? ಆದರೆ ಆ ಬಾಯಿಗೆ ದೀಪ ಇಳಿಸಿ ನಿಲ್ಲುವುದು ನನ್ನ ಕೈಲಾಗಲಿಲ್ಲ. ಇಂದು ಮಾಡಿದರೆ ಅಂದು ಮಾಡಲಿಲ್ಲವೆಂದು ಎಲ್ಲರಿಗೂ ಕಾಣಿಸಿಬಿಡುತ್ತದೆ ಎನಿಸಿತು. ಹುಚ್ಚು ಯೋಚನೆ, ಆದರೆ ಹಾಗೇ ಅನಿಸಿತು.

"ಆಗ್ಲೇ ದೀಪ ಬುಟ್ಟು ನೋಡಿವ್ನಿ. ಚೆನ್ನಾಗಿ ಉರೀತು. ಇಳೀಲಿ," ಎಂದೆ.

ಚಪ್ಪಡಿ ಎತ್ತಿದ್ದು ಈಗಷ್ಟೇ ಅಲ್ಲವೇ ಎಂದು ಮೇಸ್ತ್ರಿ ಕೇಳಬಹುದಿತ್ತು. ಕೇಳಲಿಲ್ಲ. ಚಪ್ಪಡಿ ಎತ್ತುವಾಗ ಅವನೂ ಸಿದ್ದರಾಜುವೂ ಕೆಳಮನೆಯೊಳಗಿದ್ದರು. ಸಿದ್ದರಾಜು ಹಗ್ಗ ಹಿಡಿದು ಸೊಂಟದವರೆಗೆ ಇಳಿದ. ಆಗ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಜಯಮ್ಮ. ಕೆಲಸದ ಹೊತ್ತಿನಲ್ಲಿ ಅವಳು ಫೋನು ಮಾಡುವವಳಲ್ಲ. ಮಾದನಿಗೆ ಏನೋ ಆಯಿತೆಂದು ಎತ್ತಿದೆ.

"ಅಣ್ಣಯ್ಯ, ಮಾದಣ್ಣ ಮಾತಾಡ್ತಾವ್ನೆ ಕಣಣ್ಣಯ್ಯ. ಉಣ್ತಾ ಇದ್ದೋನು ತಟ್ಟೆ ತಳ್ಳಿ ಎದ್ದು ನಿಂತವ್ನೆ. ದೀಪ ಬುಟ್ಟಿದ್ಯಾ, ದೀಪ ಬುಟ್ಟಿದ್ಯಾ ಅಂತ ಅದೊಂದೇಯ. ಯಾವ ದೀಪ ಅಣ್ಣಯ್ಯ?"

ಅವಳ ಮಾತಿನ ಹಿಂದೆ ನನಗೂ ಕೇಳಿಸಿತು. ಅದು ಐವತ್ತರ ಹತ್ತಿರದ ಗಂಡಸಿನ ದನಿಯಲ್ಲ. ದನಿ ಒಡೆಯದ ಹುಡುಗ ಅಂದು ಹೇಗೆ ಕೇಳಿದ್ದನೋ ಹಾಗೆಯೇ ಇತ್ತು, ಉತ್ತರಕ್ಕೆ ಕಾಯುವ ರೀತಿಯೂ ಸೇರಿ.

ನಾನು ಏನೆಂದು ಕೂಗಿದೆನೋ ತಿಳಿಯದು. ಮೇಸ್ತ್ರಿ ಆಮೇಲೆ ಹೇಳಿದಂತೆ, ಫೋನು ಬಿಸಾಡಿ ಸಿದ್ದರಾಜುವಿನ ತೋಳಿಗೆ ಜೋತುಬಿದ್ದೆನಂತೆ. ಅವನು ಬೈದುಕೊಂಡು ಮೇಲೆ ಬಂದ. ಅಟ್ಟದಿಂದ ಕಂದೀಲು ತಂದು ಹಚ್ಚಿ, ಹಗ್ಗ ಕಟ್ಟಿ ನಾನೇ ಇಳಿಸಿದೆ. ಒಂದು ಮಾರು ಹೋಗುವಷ್ಟರಲ್ಲಿ ಉರಿ ಸಣ್ಣಗಾಗಿ ಆರಿಹೋಯಿತು. ಮೇಲೆತ್ತಿ ಹಚ್ಚಿ ಮತ್ತೆ ಇಳಿಸಿದೆ. ಮತ್ತೆ ಆರಿತು. ಸಿದ್ದರಾಜು ಅಂಗಿ ಹಾಕಿಕೊಳ್ಳುತ್ತಾ ನನ್ನ ಮುಖ ನೋಡದೆ, "ಮಗನ್ ಮದ್ವೆ ಊಟ ಹಾಕುಸ್ತೀರ ಅಂತಿದ್ದೆ ಯಜಮಾನ್ರೇ. ನನ್ ತಿಥಿ ಊಟಕ್ಕೇ ಎಲೆ ಹಾಕ್ಸಿದ್ರಲ್ಲ," ಎಂದು ನಕ್ಕ. ಅವನಿಗೆ ಇಬ್ಬರು ಚಿಕ್ಕ ಹೆಣ್ಣುಮಕ್ಕಳು. ಮಾರನೇ ದಿನದಿಂದ ಅವನು ನಮ್ಮ ಕೆಲಸಕ್ಕೆ ಬರಲಿಲ್ಲ.

ಹಗೇವಿಗೆ ಮಣ್ಣು ತುಂಬಿಸಿ, ಬಂಡೆ ಒಡೆಸಿ ಬೇರೆ ಗುಂಡಿ ಮಾಡಿಸಿದೆ.

ಇದಕ್ಕೊಂದು ಅರ್ಥ ಹುಡುಕಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಹಗೇವು ತೆಗೆಸುವ ಮಾತು ಬಂದದ್ದೇ ಆ ಬೆಳಿಗ್ಗೆ, ಸಾಲಿಗ್ರಾಮಕ್ಕೆ ಅದು ತಲುಪಿರಲು ಸಾಧ್ಯವಿಲ್ಲ. ಜಯಮ್ಮ ಅಂದು ತೊಟ್ಟಿಲ ಕೂಸು. ಹಗೇವಿನ ಬಾಯಲ್ಲಿ ಆ ಮಾತು ಆಡಿದವನು ಮಾದ, ಕೇಳಿಸಿಕೊಂಡವನು ನಾನೊಬ್ಬನೇ. ನನ್ನ ಹೆಂಡತಿ, ಜಯಮ್ಮನ ಎದುರುಮನೆಯಲ್ಲಿ ಯಾರೋ ದೇವರಿಗೆ ದೀಪ ಹಚ್ಚಿದ್ದು ನೋಡಿ ಅವನು ಅಂದಿರಬೇಕು ಎನ್ನುತ್ತಾಳೆ. ಇರಬಹುದು. ಆದರೆ ಅಷ್ಟು ವರ್ಷ ಒಂದು ಪದವೂ ಬಾರದ ಬಾಯಿಗೆ ಆ ಪದವೇ, ಆ ಗಳಿಗೆಗೇ ಯಾಕೆ ಬಂತು? ಆ ದಿನದ ನಂತರ ಅವನು ಮತ್ತೆ ಮಾತಾಡಿಲ್ಲ.

ರೂಮು ಮುಗಿದ ಮೇಲೆ ಕರೆತಂದೆ. ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಚ್ಚಲಿನ ನಲ್ಲಿ. ತಿರುಗಿಸುವುದು, ಬೀಳುವ ನೀರು ನೋಡುವುದು, ನಿಲ್ಲಿಸುವುದು. ಮೊದಲ ಸಂಜೆ ನಾನು ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕೂತೆ. ಅವನು ಬಚ್ಚಲಲ್ಲಿ ನನಗೆ ಬೆನ್ನು ಹಾಕಿ ನಿಂತಿದ್ದ. ನೀರು ಸುರಿಯುತ್ತಿತ್ತು.

"ಇಲ್ಲ ಕಣ್ಲಾ ಮಾದ," ಎಂದೆ. "ದೀಪ ಬುಟ್ಟಿರ್ನಿಲ್ಲ."

ನೀರು ನಿಂತಿತು. ಅವನು ತಿರುಗಲಿಲ್ಲ, ಕೈ ನಲ್ಲಿಯ ಮೇಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನೀರು ಬಿಟ್ಟುಕೊಂಡ. ನಾನು ಹೇಳಿದ್ದು ಕೇಳಿಸಿ ನಿಲ್ಲಿಸಿದನೋ, ಯಾವಾಗಲೂ ನಿಲ್ಲಿಸುವಂತೆ ನಿಲ್ಲಿಸಿದನೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.