ಇನ್ಸೋಯನ ಎಡಗೈ

ಸೆಬು ಪಟ್ಟಣದ ಲಬಾಂಗೊನ್ ಕೇರಿಯಲ್ಲಿ ಇನ್ಸೋಯ್ ಗಬುಯಾನ ಎಡಗಡೆ ಕೂರಲು ಯಾರೂ ಒಪ್ಪುವುದಿಲ್ಲ. ಮನುಷ್ಯ ಕೆಟ್ಟವನೇನಲ್ಲ. ಅವನ ಎಡಗೈ ಮಾತ್ರ ಅವನ ಮಾತು ಕೇಳುವುದಿಲ್ಲ. ಆ ಕಡೆಯಿಂದ ಅನ್ನದ ತಟ್ಟೆ ಬರಲಿ, ನೆಂಟರ ಮಗು ಬರಲಿ, ಕೈ ತಾನಾಗಿ ಎದ್ದು ಅದನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ. ಒಂದು ಭಾನುವಾರ ಇಗರ್ಜಿಯಲ್ಲಿ ಉದ್ದ ಕೋಲಿಗೆ ಕಟ್ಟಿದ ಕಾಣಿಕೆ ಚೀಲ ಸಾಲಿನುದ್ದಕ್ಕೂ ಬರುತ್ತಿತ್ತು. ಇನ್ಸೋಯ್ ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿದ್ದ. ಕಣ್ಣು ಬಿಟ್ಟಾಗ ಕೋಲು ಅವನ ಕೈಯಲ್ಲಿತ್ತು, ಅದನ್ನು ಹಿಡಿದಿದ್ದ ಮುದುಕ ಬರಿಗೈಯಲ್ಲಿ ನಿಂತಿದ್ದ. ಪಾದ್ರಿಗಳು ನೋಡಿಯೂ ನೋಡದವರ ಹಾಗೆ ಪೂಜೆ ಮುಂದುವರಿಸಿದರು.

ಇದಕ್ಕೆಲ್ಲ ಕಾರಣ ಎಸ್ಕ್ರಿಮಾ, ಆ ಊರಿನವರ ಬೆತ್ತದ ವರಸೆ. ಬಲಗೈಯಲ್ಲಿ ಬೆತ್ತ ಹಿಡಿಯುವುದು ಯಾರಿಗಾದರೂ ಬಂದೀತು. ಇನ್ಸೋಯನ ಮನೆತನದ ವರಸೆಯಲ್ಲಿ ಖಾಲಿ ಎಡಗೈಗೇ ಹೆಚ್ಚಿನ ಕೆಲಸ. ಅದು ಎದೆಯ ಮುಂದೆ ಬಾಗಿಲು ಕಾಯುವವನಂತೆ ನಿಂತಿರಬೇಕು, ಬಂದದ್ದನ್ನು ತಡೆಯಬೇಕು, ತಿರುಗಿಸಬೇಕು, ಸಾಧ್ಯವಾದರೆ ಕಸಿದುಕೊಳ್ಳಬೇಕು. ಚಿಕ್ಕಪ್ಪನಿಂದ ಇದನ್ನು ಕಲಿತ ಇನ್ಸೋಯ್ ಭಾನುವಾರಗಳಲ್ಲಿ ಮನೆಯ ಹಿತ್ತಲಲ್ಲಿ ಇತರರಿಗೆ ಕಲಿಸುತ್ತಾನೆ. ಮೀನು ಮಾರುವವರು, ಬಾಡಿಗೆ ಟ್ರೈಸಿಕಲ್ ಓಡಿಸುವವರು, ಹಂದಿ ಮಾಂಸದ ಅಂಗಡಿಯವರು ಬಂದು ಬೆವರು ಸುರಿಸಿ, ಗೆಣ್ಣು ಊದಿಸಿಕೊಂಡು, ಬಹಳ ಸಂತೋಷದಿಂದ ಮನೆಗೆ ಹೋಗುತ್ತಾರೆ.

ಅವನ ಪಾಠವೆಲ್ಲ ಒಂದೇ ಮಾತಿನ ಮೇಲೆ ನಿಂತಿತ್ತು. ಕೈಗೆ ಏನು ಸಿಕ್ಕರೂ ಒಂದೇ. ಬೆತ್ತದಲ್ಲಿ ಕಲಿತದ್ದು ಮಚ್ಚಿಗೂ ಸರಿ, ಚೂರಿಗೂ ಸರಿ, ಪೊಲೀಸರ ಲಾಠಿಗೂ ಸರಿ. ಮಡಚಿದ ಛತ್ರಿ ಸಿಕ್ಕರೂ, ಸುತ್ತಿದ ಪೇಪರ್ ಸಿಕ್ಕರೂ, ಕಾಲಿನ ಚಪ್ಪಲಿ ಸಿಕ್ಕರೂ ವರಸೆ ಬದಲಾಗುವುದಿಲ್ಲ. ಇದನ್ನು ಅವನು ಬರೀ ಬಾಯಲ್ಲಿ ಹೇಳುತ್ತಿರಲಿಲ್ಲ. ಹೆಂಡತಿ ಸಿದ್ರಾಳ ಸೌಟು, ಬಟ್ಟೆ ಒಣಹಾಕುವ ಗಳ, ಒಮ್ಮೆ ಒಣಮೀನು, ಎಲ್ಲದರಲ್ಲೂ ಮಾಡಿ ತೋರಿಸಿದ್ದ. ಒಣಮೀನು ಮಧ್ಯದಲ್ಲೇ ಮುರಿಯಿತು. ಅದು ಮೀನಿನ ದೋಷ ಎಂದ.

ಹೊಟ್ಟೆಪಾಡಿಗೆ ಅವನು ದೊಡ್ಡ ಮಾಲಿನ ಬಾಗಿಲಲ್ಲಿ ಗಾರ್ಡು. ಬಂದವರು ಚೀಲ ಬಿಚ್ಚಿ ಹಿಡಿದರೆ ಒಂದು ಗೇಣುದ್ದದ ಕಡ್ಡಿಯಿಂದ ಒಳಗಿನದನ್ನು ಆಚೀಚೆ ಸರಿಸಿ ನೋಡಿ, ಒಳಗೆ ಬಿಡಬೇಕು. ಬೇರೆ ಗಾರ್ಡುಗಳು ಕೆಲಸಕ್ಕಿಟ್ಟ ಏಜೆನ್ಸಿ ಕೊಟ್ಟ ಕಡ್ಡಿ ಹಿಡಿಯುತ್ತಿದ್ದರು. ಇನ್ಸೋಯ್ ಒಳ್ಳೆಯ ಬೆತ್ತದ ತುಂಡನ್ನು ಬೆಂಕಿಯಲ್ಲಿ ಬಾಡಿಸಿ, ಉಜ್ಜಿ ನುಣುಪು ಮಾಡಿ ತನ್ನದೇ ಕಡ್ಡಿ ಮಾಡಿಕೊಂಡಿದ್ದ. ಊರಿನ ಹೆಸರಾಂತ ಬೆತ್ತದ ಗುರು ದಿನವಿಡೀ ಹೆಂಗಸರ ಚೀಲದಲ್ಲಿ ಬಾಚಣಿಗೆ, ಕರವಸ್ತ್ರ, ಅರ್ಧ ತಿಂದ ಬ್ರೆಡ್ಡು ಹುಡುಕುತ್ತಾನಲ್ಲ ಎಂದು ಶಿಷ್ಯರು ಬೇಸರಪಟ್ಟರೆ, ಅವನು ಮಣಿಕಟ್ಟು ಸಡಿಲವಾಗಿರಲು ಅದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ ಎನ್ನುತ್ತಿದ್ದ. ಸೊಂಟದಲ್ಲಿ ಏಜೆನ್ಸಿಯ ರಿವಾಲ್ವರ್ ಸಹ ಇತ್ತು. ಬೆಳಿಗ್ಗೆ ಕಟ್ಟಿಕೊಳ್ಳುತ್ತಿದ್ದ, ಸಂಜೆ ಬಿಚ್ಚಿ ಒಪ್ಪಿಸುತ್ತಿದ್ದ. ಇಷ್ಟು ವರ್ಷದಲ್ಲಿ ಅದನ್ನು ಒರೆಯಿಂದ ಹೊರಗೆ ತೆಗೆದಿರಲಿಲ್ಲ.

ಅವನ ಹಿತ್ತಲಿಗೆ ಒಂದು ಕಟ್ಟಳೆಯಿತ್ತು. ಕಲಿಯಲು ಬರುವವನು ಮೊದಲ ದಿನ ಬಿಳೀ ಕೋಳಿ ತರಬೇಕು, ಒಂದು ಪುಕ್ಕವೂ ಬೇರೆ ಬಣ್ಣದ್ದಿರಬಾರದು. ಕೋಳಿ ಕೊಯ್ದು ಅದರ ರಕ್ತವನ್ನು ನೆಲಕ್ಕೆ ಬೀಳಿಸಿದರೆ ಮುಂದೆ ಆ ನೆಲದಲ್ಲಿ ಶಿಷ್ಯನ ರಕ್ತ ಬೀಳುವುದಿಲ್ಲ ಎಂದು ಚಿಕ್ಕಪ್ಪ ಹೇಳಿದ್ದ. ಆಮೇಲೆ ಪರಂಗಿಕಾಯಿ, ನುಗ್ಗೆಸೊಪ್ಪು ಹಾಕಿ ಸಾರು ಮಾಡಿ ಎಲ್ಲರೂ ಕೂತು ಉಣ್ಣುವುದು. ಕೋಳಿ ತರದವನಿಗೆ ಇನ್ಸೋಯ್ ನಿಲ್ಲುವ ಭಂಗಿಯನ್ನೂ ಹೇಳಿಕೊಡುತ್ತಿರಲಿಲ್ಲ.

ಒಬ್ಬಳೇ ಮಗಳು ದಿವಿನಾಗೂ ರಿಯಾಯಿತಿ ಇರಲಿಲ್ಲ. ಎಂಟು ವರ್ಷದವಳಿದ್ದಾಗ ಕಲಿಯುತ್ತೇನೆಂದು ಹಟ ಹಿಡಿದಳು. ಮನೆಯಲ್ಲಿದ್ದ ಬಿಳೀ ಕೋಳಿ ಅವಳೇ ಮರಿಯಿಂದ ಸಾಕಿದ್ದು, ತೊಡೆ ಮೇಲೆ ಮಲಗಿಸಿಕೊಳ್ಳುತ್ತಿದ್ದದ್ದು. ಅದನ್ನೇ ಎದೆಗೆ ಅವಚಿಕೊಂಡು ಅಡುಗೆಮನೆ ಬಾಗಿಲಿಂದ ಹಿತ್ತಲಿಗೆ ತಂದಳು. ಸಾರು ಉಣ್ಣಲಿಲ್ಲ. ಅವಳ ಪಾಲನ್ನು ಇನ್ಸೋಯನೇ ಉಂಡ. ಮಾರನೆಯ ದಿನದಿಂದ ಬೆತ್ತ ಹಿಡಿದಳು, ಹಿಡಿದವಳು ಎಲ್ಲ ಗಂಡಸರನ್ನೂ ಮೀರಿಸಿದಳು. ಅವಳ ಎಡಗೈ ಅಪ್ಪನ ಎಡಗೈಯಷ್ಟೇ ಚುರುಕು ಎಂದು ಕೇರಿಯವರು ಅವಳಿಂದಲೂ ಸ್ವಲ್ಪ ದೂರ ಕೂರತೊಡಗಿದರು. ಇನ್ಸೋಯನಿಗೆ ಹೆಮ್ಮೆಯೋ ಹೆಮ್ಮೆ.

ಇಪ್ಪತ್ತು ದಾಟಿದ ಮೇಲೆ ಒಂದು ದಿನ ಅವಳು ಅಪ್ಪನನ್ನು ಕೇಳಿದಳು, ಬೀದಿಯ ಆಚೆ ಬದಿಯಲ್ಲಿ ಪಿಸ್ತೂಲು ಹಿಡಿದು ನಿಂತವನ ಮುಂದೆ ನಿನ್ನ ಒಣಮೀನು ಏನು ಮಾಡುತ್ತದೆ ಎಂದು. ಶಿಷ್ಯರು ನಕ್ಕರು. ಇನ್ಸೋಯ್ ನಗಲಿಲ್ಲ. ಅವಳು ತಮಾಷೆಗೆ ಕೇಳಿರಲಿಲ್ಲ. ಗಾರ್ಡುಗಳಿಗೆ ಗುಂಡು ಹೊಡೆಯುವುದನ್ನು ಕಲಿಸುವ ಮೈದಾನದಲ್ಲಿ ಕೆಲಸಕ್ಕೆ ಸೇರಲು ಆಗಲೇ ಮಾತಾಡಿಕೊಂಡು ಬಂದಿದ್ದಳು.

"ಅದು ಆಯುಧ ಅಲ್ಲ, ಯಂತ್ರ. ಯಂತ್ರಕ್ಕೆ ಯಾವ ಗುರು ಬೇಕು? ಅಕ್ಕಿ ಗಿರಣಿ ಓಡಿಸೋನಿಗೆ ಯಾರಾದ್ರೂ ಗುರು ಅಂತಾರಾ?" ಎಂದ ಇನ್ಸೋಯ್, ಎಲ್ಲರ ಮುಂದೆ.

ದಿವಿನಾ ತನ್ನ ಬೆತ್ತವನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಮತ್ತೆ ಅದನ್ನು ಮುಟ್ಟಲಿಲ್ಲ. ಮೈದಾನದಲ್ಲಿ ಕಲಿತಳು, ಕಲಿಸಲು ನಿಂತಳು, ಕೊನೆಗೆ ಅಲ್ಲಿಯ ಮುಖ್ಯ ಶಿಕ್ಷಕಿಯಾದಳು. ಭಾನುವಾರ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದಳು, ಅಪ್ಪನ ಕೈಯನ್ನು ಹಣೆಗೆ ಒತ್ತಿಕೊಂಡು ಆಶೀರ್ವಾದ ತೆಗೆದುಕೊಳ್ಳುತ್ತಿದ್ದಳು, ಅದೂ ಜಾಣತನದಿಂದ ಬಲಗಡೆಯಿಂದ. ಮೀನಿನ ಬೆಲೆ ಮಾತಾಡುತ್ತಿದ್ದರು, ಚಂಡಮಾರುತ ಮಾತಾಡುತ್ತಿದ್ದರು. ಅವಳ ಕೆಲಸದ ಸುದ್ದಿ ಮಾತ್ರ ಆ ಮೇಜಿನ ಮೇಲೆ ಬರುತ್ತಿರಲಿಲ್ಲ. ಹತ್ತು ವರ್ಷ ಹೀಗೇ ನಡೆಯಿತು, ಇನ್ಸೋಯ್ ಆ ಮೈದಾನದ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಆಮೇಲೆ ಏಜೆನ್ಸಿಯವರು ಹೊಸ ನಿಯಮ ತಂದರು. ಸೊಂಟದಲ್ಲಿ ರಿವಾಲ್ವರ್ ಕಟ್ಟುವ ಪ್ರತಿಯೊಬ್ಬನೂ ಕ್ರಿಸ್‌ಮಸ್ಸಿನೊಳಗೆ ಅದನ್ನು ಹಾರಿಸಿ ತೋರಿಸಬೇಕು. ಆಗದವರಿಗೆ ಲೈಸೆನ್ಸ್ ಇಲ್ಲ, ಕೆಲಸವೂ ಇಲ್ಲ. ಎರಡು ಅವಕಾಶ ಮಾತ್ರ. ಅರವತ್ತರ ಹತ್ತಿರ ಬಂದ ಇನ್ಸೋಯನನ್ನು ಬೇರೆ ಏಜೆನ್ಸಿಯವರು ಬಾಗಿಲೊಳಕ್ಕೂ ಬಿಡುತ್ತಿರಲಿಲ್ಲ. ಆದರೂ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಕೈಗೆ ಏನು ಸಿಕ್ಕರೂ ಒಂದೇ ಎಂದು ಶಿಷ್ಯರಿಗೆ ಇನ್ನೊಮ್ಮೆ ಹೇಳಿ, ಮೀಸೆ ಕತ್ತರಿಸಿಕೊಂಡು ಮೈದಾನಕ್ಕೆ ಹೋದ.

ಅಲ್ಲಿ ಎಲ್ಲರೂ ದಿವಿನಾಳನ್ನು ಮೇಡಂ ಎನ್ನುತ್ತಿದ್ದರು. ಅವನು ಮಾತ್ರ ಏನೆಂದೂ ಕರೆಯಲಿಲ್ಲ. ಅವಳು ಅವನನ್ನು "ಮಿಸ್ಟರ್ ಗಬುಯಾ" ಎಂದು ಕರೆದು ತನ್ನ ಮುಂದಿನ ಜಾಗದಲ್ಲಿ ನಿಲ್ಲಿಸಿದಳು. ಎದುರಿಗೆ ರಟ್ಟಿನ ಮನುಷ್ಯ. ಇನ್ಸೋಯ್ ಅವನನ್ನು ಮೇಲಿಂದ ಕೆಳಗೆ ನೋಡಿದ. ಕೈಯಲ್ಲಿ ಆಯುಧವಿಲ್ಲ, ಕಾಲು ಕದಲಿಸುವುದಿಲ್ಲ. ಇಂಥವನ ಜೊತೆ ಹೋರಾಡುವುದು ನಾಚಿಕೆಗೇಡು ಎನ್ನಿಸಿತು. ಬಲಗೈಯಲ್ಲಿ ರಿವಾಲ್ವರ್ ಎತ್ತಿದ, ಎಡಗೈ ಎದೆಯ ಮುಂದೆ ಕಾವಲು ನಿಂತಿತು.

ಎರಡೂ ಕೈಯಲ್ಲಿ ಹಿಡಿಯಬೇಕು ಎಂದಳು ಅವಳು. ಎಡಗೈಯನ್ನು ಕರೆದೊಯ್ದು ಬಲಗೈಯ ಮೇಲೆ ಇಟ್ಟ. ಗುರಿ ನೋಡುವಷ್ಟರಲ್ಲಿ ಅದು ವಾಪಸು ಎದೆಗೆ ಬಂದಿತ್ತು. ಇನ್ನೊಮ್ಮೆ ಇಟ್ಟ, ಇನ್ನೊಮ್ಮೆ ಬಂತು. ಮೊದಲ ಗುಂಡು ರಟ್ಟಿನವನನ್ನು ಬಿಟ್ಟು ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋಯಿತು. ಸಾಲಿನಲ್ಲಿದ್ದ ಎಳೆಯ ಗಾರ್ಡುಗಳು ಕೆಮ್ಮಿದರು. ಆಗ ದಿವಿನಾ ಒಂದು ತಪ್ಪು ಮಾಡಿದಳು. ಅಪ್ಪನ ಮೊಣಕೈ ಸರಿಪಡಿಸಲೆಂದು ಎಡಗಡೆಯಿಂದ ಕೈ ಚಾಚಿದಳು.

ಇನ್ಸೋಯನ ಎಡಗೈ ಅವಳ ಮಣಿಕಟ್ಟನ್ನು ಹಿಡಿದು ಹೊರಕ್ಕೆ ತಿರುಗಿಸಿತು, ಮೈ ಅದರ ಹಿಂದೆಯೇ ತಿರುಗಿತು, ಮೈಯ ಜೊತೆ ರಿವಾಲ್ವರೂ ತಿರುಗಿತು. ಅದರ ಬಾಯಿ ಒಂದು ಕ್ಷಣ ಸಾಲಿನಲ್ಲಿದ್ದವರ ಕಡೆ ನೋಡಿತು. ಯಾರೂ ಕೆಮ್ಮಲಿಲ್ಲ. ಬೆತ್ತವಾಗಿದ್ದರೆ ಅದು ಚಂದದ ವರಸೆ.

"ಮಿಸ್ಟರ್ ಗಬುಯಾ, ಅದನ್ನ ಕೆಳಗಿಡಿ. ಇವತ್ತಿಗೆ ನೀವು ಮನೆಗೆ ಹೋಗಿ," ಎಂದಳು ದಿವಿನಾ. ಧ್ವನಿ ಏರಲಿಲ್ಲ. ಫೇಲ್ ಎಂದು ಬರೆದುಕೊಳ್ಳುವಾಗ ಮಾತ್ರ ಅವಳ ಮುಖ ಬಿಳಿಚಿತ್ತು.

ಮನೆಗೆ ಬಂದವನು ಉಣ್ಣಲಿಲ್ಲ. ಕೆಲಸ ಹೋಗುವ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಜೀವಮಾನವಿಡೀ ಹೇಳಿಕೊಂಡು ಬಂದ ಮಾತು ಸುಳ್ಳಾಗಿತ್ತು, ಅದೂ ಮಗಳ ಕಣ್ಣೆದುರಿಗೆ. ಅಂದಿನಿಂದ ತಲಬಾಗಿಲ ಚಿಲಕ ಹಾಕಿ ಅಭ್ಯಾಸ ಶುರುಮಾಡಿದ. ಬಾಳೆಕಾಯಿಯನ್ನು ರಿವಾಲ್ವರಿನ ಹಾಗೆ ಎರಡು ಕೈಯಲ್ಲಿ ಹಿಡಿದು ಗೋಡೆಯ ಕ್ಯಾಲೆಂಡರಿಗೆ ಗುರಿಯಿಟ್ಟ. ಎಡಗೈ ನಿಲ್ಲಲಿಲ್ಲ. ಕರವಸ್ತ್ರದಿಂದ ಎರಡೂ ಕೈ ಕಟ್ಟಿಕೊಂಡ, ಬಿಚ್ಚಿಸಿಕೊಳ್ಳಲು ಸಿದ್ರಾಳನ್ನು ಕರೆಯಬೇಕಾಯಿತು.

ಸಿದ್ರಾ ಗಂಟು ಬಿಚ್ಚುತ್ತಾ ಹೇಳಿದಳು, "ನಮ್ಮ ಹಿತ್ತಲಿಗೆ ಬರಿಗೈಲಿ ಬಂದೋನಿಗೆ ನೀನು ಯಾವತ್ತಾದ್ರೂ ಏನಾದ್ರೂ ಕಲಿಸಿದ್ದೀಯಾ?"

"ಇಲ್ಲ."

"ಮತ್ತೆ ಅವಳ ಹತ್ರ ಹೆಂಗೆ ಹೋದೆ? ಮೀಸೆ ಕತ್ತರಿಸ್ಕೊಂಡು, ಗತ್ತಲ್ಲಿ."

ಅವನು ಬಾಳೆಕಾಯಿಯನ್ನು ಅಡುಗೆಮನೆಗೆ ಕೊಟ್ಟ.

ಮುಂದಿನ ವಾರ ರಜೆ ಹಾಕಿ ಪೇಟೆಗೆ ಹೋದ. ಕೋಳಿ ಮಾರುವವಳ ಮುಂದೆ ಕೂತು ಒಂದೊಂದು ಕೋಳಿಯ ರೆಕ್ಕೆ ಎತ್ತಿ ನೋಡಿದ. ಒಂದಕ್ಕೆ ಬಾಲದ ಕೆಳಗೆ ಕಂದು ಪುಕ್ಕವಿತ್ತು, ಬೇಡವೆಂದ. ಸಾರಿಗೆ ಬಿದ್ದ ಮೇಲೆ ಬಣ್ಣ ಯಾರು ನೋಡುತ್ತಾರೆ ಎಂದು ಅವಳು ರೇಗಿದಳು. ಕೊನೆಗೆ ಅಚ್ಚ ಬಿಳಿಯದೊಂದು ಸಿಕ್ಕಿತು. ಕಾಲು ಕಟ್ಟಿಸದೆ ಅದನ್ನು ಕೈಯಲ್ಲೇ ಹಿಡಿದು ಊರಿನ ಪುಟ್ಟ ಬಸ್ಸು, ಜೀಪ್ನಿ, ಹತ್ತಿದ. ಕೋಳಿಗೆ ಅವನು ಹೊಸಬ, ಜೀಪ್ನಿಯ ಕುಲುಕಾಟ, ಪಕ್ಕದಲ್ಲಿ ಶಾಲೆಯ ಹುಡುಗಿಯರು. ಕೋಳಿ ಒದ್ದಾಡಿದಾಗಲೆಲ್ಲ ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದ. ಒಬ್ಬಳು ಅವನ ಎಡಗಡೆಗೇ ಕೂತು ಕೋಳಿಯ ತಲೆ ಸವರಿದಳು. ಏನೂ ಆಗಲಿಲ್ಲ. ಅದನ್ನು ಅವನು ಗಮನಿಸಲೂ ಇಲ್ಲ, ಮಗಳಿಗೆ ಏನು ಹೇಳಬೇಕೆಂದು ಯೋಚಿಸುತ್ತಿದ್ದ.

ಮೈದಾನದಲ್ಲಿ ಊಟದ ಹೊತ್ತು. ದಿವಿನಾ ಒಬ್ಬಳೇ ಚಪ್ಪರದ ಕೆಳಗೆ ರಿವಾಲ್ವರ್ ಒರೆಸುತ್ತಾ ಕೂತಿದ್ದಳು. ಅಪ್ಪ ಬರುವುದನ್ನು ಕಂಡಳು, ಕೋಳಿಯನ್ನು ಕಂಡಳು, ಎಣ್ಣೆ ಬಟ್ಟೆಯನ್ನು ಕೆಳಗಿಟ್ಟಳು. ಇನ್ಸೋಯ್ ಅವಳ ಮುಂದೆ ಬಂದು ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಮೇಡಂ, ಕಲಿಯೋಕೆ ಬಂದಿದ್ದೀನಿ," ಎಂದ.

ದಿವಿನಾ ಎದ್ದು ನಿಂತಳು. ಅಭ್ಯಾಸಬಲದಿಂದ ಅಪ್ಪನ ಕೈ ಹಣೆಗೆ ಒತ್ತಿಕೊಳ್ಳಲು ಬಾಗಿದಳು. ಕೊಡಲು ಅವನಿಗೆ ಕೈ ಖಾಲಿಯಿರಲಿಲ್ಲ, ಎರಡೂ ಕೋಳಿಯ ಸುತ್ತ ಇದ್ದವು. ಅವಳು ಒಂದು ಕ್ಷಣ ನಿಂತು, ಆಮೇಲೆ ಎಡಗಡೆಯಿಂದಲೇ ಬಾಗಿ, ಕೋಳಿಯನ್ನು ಅಪ್ಪಿ ಹಿಡಿದಿದ್ದ ಆ ಎಡಗೈಗೆ ಹಣೆ ಮುಟ್ಟಿಸಿದಳು. ಕೈ ಕದಲಲಿಲ್ಲ. ಅವಳು ಹಣೆ ಎತ್ತಲೂ ಇಲ್ಲ. ಇನ್ಸೋಯನಿಗೆ ಅಳು ಬಂತು. ಗಾರ್ಡಿನ ಸಮವಸ್ತ್ರದಲ್ಲಿ ಇಲ್ಲದ್ದರಿಂದ ಅತ್ತ.

"ಅಪ್ಪ, ಹಂಗೇ ಇರು," ಎಂದಳು ಅವಳು ಕೊನೆಗೆ, ಅವನ ಕೈಗಳನ್ನು ನೋಡುತ್ತಾ. "ಬಿಗಿ ಮಾಡ್ಬೇಡ, ಸಡಿಲಾನೂ ಬಿಡ್ಬೇಡ. ಇದನ್ನ ಹೆಂಗೆ ಹಿಡಿದಿದ್ದೀಯೋ ಹಂಗೇ ಹಿಡಿಯೋದು. ಎಡಗೈ ಕಾವಲು ಕಾಯೋಕಲ್ಲ. ಹಾರಿಹೋಗದ ಹಂಗೆ ನೋಡ್ಕೊಳ್ಳೋಕೆ."

ತನ್ನ ಎಡಗೈಗೆ ಇದನ್ನು ಕಲಿಸಲು ಒಂದು ವರ್ಷ ಹಿಡಿಯಿತೆಂದು, ಅಷ್ಟು ದಿನವೂ ಅಪ್ಪನನ್ನು ಬೈದುಕೊಂಡೆನೆಂದು ಆಮೇಲೆ ಹೇಳಿದಳು. ಹಾಗಾದರೆ ಯಂತ್ರಕ್ಕೂ ಗುರು ಬೇಕು ಎಂದ ಅವನು. ಅವಳು ಕೋಳಿಯನ್ನು ಇಸಕೊಂಡಳು. ಚೂರಿ ತರಲೇ ಎಂದು ಕೇಳಿದ, ನೆಲಕ್ಕೆ ರಕ್ತ ಬೀಳಬೇಕಲ್ಲ. ಇದನ್ನು ಕೊಯ್ಯುವುದಿಲ್ಲ ಎಂದಳು. ಅವನಿಗೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಪುಟ್ಟ ಹುಡುಗಿಯೂ ತಾನು ಉಂಡ ಸಾರೂ ನೆನಪಾದವು. ಕಟ್ಟಳೆಯ ಬಗ್ಗೆ ಇನ್ನೊಂದು ಮಾತಾಡಲಿಲ್ಲ.

ಡಿಸೆಂಬರಿನಲ್ಲಿ ಅವನು ಎರಡನೆಯ ಸಲ ಹಾರಿಸಿದ. ಪಾಸಾಗಲು ಎಷ್ಟು ಬೇಕೋ ಅಷ್ಟೇ ಗುಂಡು ರಟ್ಟಿನವನಿಗೆ ತಗುಲಿದವು, ಅದರಲ್ಲಿ ಒಂದು ಕಿವಿಗೆ. ಅಂದು ಅಂಕ ಹಾಕಲು ದಿವಿನಾ ಬೇರೆ ಶಿಕ್ಷಕನನ್ನು ನಿಲ್ಲಿಸಿ ತಾನು ಚಪ್ಪರದಲ್ಲಿ ಕೂತಿದ್ದಳು, ತೊಡೆಯ ಮೇಲೆ ಕೋಳಿ. ಅದು ಈಗಲೂ ಮೈದಾನದಲ್ಲೇ ಇದೆ. ಗುಂಡಿನ ಸದ್ದಿಗೆ ತಲೆ ಸಹ ಎತ್ತುವುದಿಲ್ಲ.

ಇನ್ಸೋಯ್ ಮತ್ತೆ ಮಾಲಿನ ಬಾಗಿಲಲ್ಲಿ ಚೀಲ ಕೆದಕುತ್ತಾನೆ. ಭಾನುವಾರ ಹಿತ್ತಲಲ್ಲಿ ಬೆತ್ತ ಬೀಸುತ್ತಾನೆ, ಕೈಗೆ ಏನು ಸಿಕ್ಕರೂ ಒಂದೇ ಎನ್ನುತ್ತಾನೆ. ಈಚೆಗೆ ಹೊಸದಾಗಿ ಬಂದ ಟ್ರೈಸಿಕಲ್ಲಿನವನೊಬ್ಬ ಪಿಸ್ತೂಲಾದರೂ ಒಂದೇನಾ ಎಂದು ಕೇಳಿದ. ಹಳೆಯ ಶಿಷ್ಯರು ನೆಲ ನೋಡಿದರು. ಇನ್ಸೋಯ್ ಬೆತ್ತ ಇಳಿಸಿದ.

"ಅಲ್ಲಪ್ಪ," ಎಂದ. "ಅದಕ್ಕೆ ನನ್ನ ಗುರುಗಳ ಹತ್ರ ಹೋಗು. ದಿವಿನಾ ಮೇಡಂ ಅಂತ ಕೇಳು. ಬಿಳೀ ಕೋಳಿ ತಗೊಂಡು ಹೋಗು, ಕಾಲು ಕಟ್ಟಬೇಡ."