ನಾಲ್ಕಾಣೆಯ ಜೋಡಿ

ಎಪ್ಪತ್ತರ ದಶಕದ ಕೊನೆಗೆ ನಾನು ದಿನಾ ಹತ್ತುತ್ತಿದ್ದ ಬೆಳಗಾವಿ–ನಂದಗಡ ಬಸ್ಸಿನ ಕಂಡಕ್ಟರ್, ಕೈಗೆ ಬಂದ ನಾಣ್ಯವನ್ನೆಲ್ಲ ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಿಯೇ ಚೀಲಕ್ಕೆ ಹಾಕುತ್ತಿದ್ದರು. ಅಂಕಿ ಎರಡೆರಡಾಗಿ ಕಂಡರೆ ಎದೆಜೇಬಿನ ಭೂತಗನ್ನಡಿ ಹೊರಬರುತ್ತಿತ್ತು. ಎರಡನೇ ಗೆರೆ ಒರೆಸಿದ ಹಾಗೆ ಚಪ್ಪಟೆಯಾಗಿದ್ದರೆ, "ಪೆಟ್ಟು ತಿಂದದ್ದರೀ, ಹಿಂಗ ಹುಟ್ಟಿದ್ದಲ್ಲ" ಎನ್ನುತ್ತಿದ್ದರು. ಅವರು ಹುಡುಕುತ್ತಿದ್ದುದು ಟಂಕಸಾಲೆಯ ಅಚ್ಚಿನಲ್ಲೇ ತಪ್ಪಿ ಹುಟ್ಟಿದ ನಾಣ್ಯವನ್ನು.

ಅವರ ಬಳಿ ಒಂದು ನಾಲ್ಕಾಣೆ ಇತ್ತು. ಅದರ ಮೇಲಿನ ಇಪ್ಪತ್ತೈದರಲ್ಲಿ ಐದರ ಬಾಲ ಎರಡಾಗಿ ಸೀಳಿತ್ತು. ಅದೂ ಪೆಟ್ಟೇ ಎಂದು ನಾನು ಛೇಡಿಸುತ್ತಿದ್ದೆ.

"ಅಚ್ಚಿನಾಗ ದೋಷ ಇದ್ರ ಇದರ ಜೋಡಿ ಎಲ್ಲೋ ಇರಬೇಕ್ರೀ. ಪೆಟ್ಟು ಎರಡು ನಾಣ್ಯಕ್ಕ ಒಂದ ನಮೂನಿ ಬೀಳಂಗಿಲ್ಲ."

ಒಂದು ಮುಂಜಾನೆ ಖಾನಾಪುರದಲ್ಲಿ ಸಂತೆಗೆ ಹೊರಟ ಹೆಂಗಸೊಬ್ಬಳು ನಾಲ್ಕಾಣೆ ಕೊಟ್ಟಳು. ಕಂಡಕ್ಟರ್ ಕೈ ಗಾಳಿಯಲ್ಲೇ ನಿಂತಿತು. ಡ್ರೈವರ್ ಹಾರ್ನ್ ಹೊಡೆದರೂ ಸೀಟಿ ಊದಲಿಲ್ಲ. ತಮ್ಮ ನಾಲ್ಕಾಣೆಯನ್ನೂ ಹೊರತೆಗೆದು, ಎರಡೂ ನಾಣ್ಯಗಳನ್ನು ಭೂತಗನ್ನಡಿ ಸಮೇತ ನನ್ನ ಕೈಗೆ ತುರುಕಿದರು.

"ನೋಡ್ರಿ, ಅದ ಬಾಲ, ಅದ ಸೀಳು. ಖರೇ ಹುಟ್ಟಿದ್ದರೀ ಇದು."

"ಅಷ್ಟು ಚಲೋ ಇದ್ರ ನನ್ನದು ನನಗ ಕೊಡ್ರಿ," ಎಂದು ಆಕೆ ಬೇರೆ ನಾಲ್ಕಾಣೆ ಚಾಚಿದಳು.

ಕಂಡಕ್ಟರ್ ಅದನ್ನು ನನ್ನ ಕೈಯಿಂದ ತೆಗೆದು ನಗುತ್ತಲೇ ಕೊಟ್ಟುಬಿಟ್ಟರು.

"ಆಕಿ ಕಡೇನ ಇರ್ಲಿ ಬಿಡ್ರಿ, ಜೋಡಿ ಐತಿ ಅಂತ ಗೊತ್ತಾತಲ್ಲ," ಎಂದು ಅವರು ಊದಿದ ಸೀಟಿ ಇಡೀ ಖಾನಾಪುರಕ್ಕೆ ಕೇಳಿಸಿರಬೇಕು.